ಹಿಂದೆ ಸರಿಯಲೊಪ್ಪದವರು

ಸೇತುವೆಯ ಕಾಳಗಕ್ಕೆ ಐವತ್ತು ವರ್ಷ ತುಂಬುತ್ತಿತ್ತು. ಅಲ್ಲಿ ಸತ್ತವರು ಮೂವತ್ತೊಂದು ಮಂದಿ, ಆ ತುಕಡಿಯಲ್ಲಿ ಬದುಕಿ ಉಳಿದವನು ಒಬ್ಬನೇ ಒಬ್ಬ. ಅವನನ್ನು ಊರು ‘ಸೇತುವೆ ತಾತ’ ಎಂದು ಕರೆಯುತ್ತಿತ್ತು. ಯುದ್ಧ ಮುಗಿದ ಮೇಲೆ ಅವನು ಅದೇ ಊರಿನಲ್ಲಿ ಮೂವತ್ತೈದು ವರ್ಷ ಅಂಚೆಯವನಾಗಿ ಸೈಕಲ್ ತುಳಿದಿದ್ದ. ಒಂದು ಕಾಗದವನ್ನೂ ತಡ ಮಾಡಿದವನಲ್ಲ, ಒಂದನ್ನೂ ತಪ್ಪು ಬಾಗಿಲಿಗೆ ಹಾಕಿದವನಲ್ಲ. ಮೈ ಕೆಂಡವಾಗಿದ್ದರೂ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. “ಸೈನಿಕನ ಶಿಸ್ತು ಅಂದ್ರೆ ಇದಪ್ಪಾ” ಎಂದು ಜನ ಕೊಂಡಾಡುವಾಗ ತನ್ನ ಚಪ್ಪಲಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಅದನ್ನೂ ಜನ ವಿನಯ ಎಂದೇ ತಿಳಿದಿದ್ದರು.

ಸುವರ್ಣ ವರ್ಷವೆಂದು ಸ್ಮಾರಕ ಸಮಿತಿ ಹಳೆಯ ಕಲ್ಲನ್ನು ಕಿತ್ತು ಅದರ ಮೂರರಷ್ಟು ಎತ್ತರದ ಹೊಸ ಕಲ್ಲು ನಿಲ್ಲಿಸಲು ಹೊರಟಿತ್ತು. ವಾಚನಾಲಯದ ಮಹಡಿಯಲ್ಲಿ ಸಭೆ. ಅಧ್ಯಕ್ಷರು ಮುದ್ರಣಾಲಯದ ಮಾಲೀಕರು. ಯಾವ ಮಾತನ್ನಾದರೂ ದಪ್ಪಕ್ಷರದಲ್ಲೇ ಆಡುವವರು. ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಅವರು ಕನ್ನಡಕ ಸರಿಮಾಡಿಕೊಂಡು ಹೊಸ ಕಲ್ಲಿನ ಬರಹ ಓದಿದರು: “ಹಿಂದೆ ಸರಿಯಲೊಪ್ಪದೆ ಪ್ರಾಣವಿತ್ತ ಮೂವತ್ತೊಂದು ಮಂದಿ ವೀರರಿಗೆ.”

“ಹಳೇ ಕಲ್ಲಲ್ಲೂ ಇದೇ ಇತ್ತಲ್ವಾ?” ಎಂದು ಯಾರೋ ಕೇಳಿದರು.

“ಇತ್ತು. ಆದ್ರೆ ಈಗ ಹಿತ್ತಾಳೆ ಅಕ್ಷರ” ಎಂದರು ಅಧ್ಯಕ್ಷರು.

ತಾತ ಕುರ್ಚಿಯ ತುದಿಯಲ್ಲಿ ಕೂತಿದ್ದ. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಆವತ್ತು ಯಾಕೋ ಗಂಟಲಿಗೆ ಬಂತು. ಕಲ್ಲು ಎತ್ತರವಾದಷ್ಟೂ ಸುಳ್ಳೂ ಎತ್ತರವಾಗುತ್ತದೆ ಎನ್ನಿಸಿತೋ, ಅಥವಾ ಹೋದ ತಿಂಗಳು ವೈದ್ಯರು ಅವನ ಎದೆಯ ಮೇಲೆ ಕೊಳವೆಯಿಟ್ಟು ಏನೂ ಹೇಳದೆ ಸುಮ್ಮನಾದದ್ದು ನೆನಪಾಯಿತೋ, ಎದ್ದು ನಿಂತ.

“ಅವರು ಒಪ್ಪದೆ ಇದ್ದದ್ದಲ್ಲ ಸ್ವಾಮಿ. ಅವರನ್ನ ಯಾರೂ ಕೇಳಲೇ ಇಲ್ಲ.”

ಎಲ್ಲರೂ ತಿರುಗಿದರು. ಅವನು ಹೇಳಿದ. ಆವತ್ತು ಬೆಳಗ್ಗೆ ಮಂಜು. ಸೇತುವೆಗೆ ಎಳೆದಿದ್ದ ಟೆಲಿಫೋನ್ ತಂತಿ ತುಂಡಾಗಿತ್ತು. ಒಂದು ಮೈಲಿ ಹಿಂದಿದ್ದ ಕ್ಯಾಪ್ಟನ್ ಒಂದು ಚೀಟಿ ಬರೆದು ಇವನ ಕೈಗೆ ಕೊಟ್ಟಿದ್ದ: ಸೇತುವೆ ಬಿಟ್ಟು ತಕ್ಷಣ ಹಿಂದೆ ಬನ್ನಿ. ಇವನಿಗಾಗ ಹತ್ತೊಂಬತ್ತು ವರ್ಷ, ತುಕಡಿಯಲ್ಲೇ ಜೋರಾಗಿ ಓಡುವವನು, ಅದಕ್ಕೇ ಸುದ್ದಿ ಒಯ್ಯುವ ಕೆಲಸ. ಅರ್ಧ ದಾರಿಯಲ್ಲಿ, ಇಟ್ಟಿಗೆ ಗೂಡಿನ ಹತ್ತಿರ, ಶೆಲ್ಲುಗಳು ಬೀಳತೊಡಗಿದವು. ಗೂಡಿನೊಳಗೆ ನುಗ್ಗಿದ. ಒಂದೈದು ನಿಮಿಷ ಎಂದುಕೊಂಡ. ಕಾಲು ಏಳಲಿಲ್ಲ. ಐದು ನಿಮಿಷವೆಂದದ್ದು ಎರಡು ಗಂಟೆಯಾಗಿತ್ತು. ಹೊರಬಂದಾಗ ಸೇತುವೆಯ ಕಡೆ ಸದ್ದಿರಲಿಲ್ಲ. ಅವರು ಸಾಯುತ್ತ ತಡೆದು ನಿಂತ ಆ ಎರಡು ಗಂಟೆಯಲ್ಲಿ ಈಚೆ ದಡಕ್ಕೆ ಹೊಸ ಪಡೆ ಬಂದು ಸೇರಿತ್ತು, ಶತ್ರು ನಿಂತುಬಿಟ್ಟಿದ್ದ. ಯುದ್ಧದ ದಿಕ್ಕೇ ಬದಲಾದದ್ದು ಅಲ್ಲಿಂದ ಎಂದು ಪಠ್ಯಪುಸ್ತಕದಲ್ಲಿದೆ.

“ಚೀಟಿ?” ಎಂದರು ಹೆಡ್‌ಮಾಸ್ಟರು.

“ಕ್ಯಾಪ್ಟನ್ ಕೇಳಿ ಇಸ್ಕೊಂಡ್ರು. ಸಿಗರೇಟು ಹಚ್ಚಿದ್ರು, ಅದೇ ಬೆಂಕೀಲಿ ಚೀಟೀನೂ ಹಚ್ಚಿದ್ರು. ‘ನಾನು ಬರೆದಿಲ್ಲ, ನೀನು ತಂದಿಲ್ಲ’ ಅಂದ್ರು. ಆಮೇಲೆ ಅವರಿಗೆ ಪದಕ ಬಂತು. ‘ಒಂದು ಹೆಜ್ಜೆಯೂ ಹಿಂದೆ ಇಡಬೇಡಿ’ ಅಂತ ಆಜ್ಞೆ ಕೊಟ್ಟಿದ್ದಕ್ಕೆ.”

ಅಧ್ಯಕ್ಷರು ಎದ್ದು ಬಂದು ತಾತನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜಕ್ಕೂ ತೇವವಾಗಿತ್ತು.

“ಎಂಥಾ ದೊಡ್ಡ ಮನಸ್ಸು ನಿಮ್ದು! ಸತ್ತವರ ಭಾರ ಎಲ್ಲಾ ನಿಮ್ಮ ತಲೆ ಮೇಲೇ ಹೊತ್ಕೊಂಡಿದೀರಲ್ಲ ತಾತಾ.”

“ಭಾರ ಅಲ್ಲ ಸ್ವಾಮಿ, ಚೀಟಿ...”

“ಗೊತ್ತಾಯ್ತು, ಗೊತ್ತಾಯ್ತು. ಬದುಕಿ ಉಳಿದವರಿಗೆ ಹೀಗನ್ಸೋದು ಸಹಜ. ನಾನು ಓದಿದೀನಿ.” ಆಮೇಲೆ ದನಿ ತಗ್ಗಿಸಿ, “ಅಕ್ಷರ ಎರಕ ಹೊಯ್ದಾಗಿದೆ ತಾತ” ಎಂದರು.

ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಬರೆದರು: ‘ಹಿರಿಯರು ತಮ್ಮ ಅಮೂಲ್ಯ ಅನುಭವಗಳನ್ನು ಹಂಚಿಕೊಂಡರು. ಸಭೆ ಭಾವುಕವಾಯಿತು.’ ನಂತರ ಮುಂದಿನ ವಿಷಯ. ಸೇತುವೆಯಲ್ಲಿ ತುಕಡಿಯನ್ನು ನಡೆಸಿದ್ದ ಹವಾಲ್ದಾರನ ಹೆಂಡತಿ ಆಮಂತ್ರಣ ವಾಪಸು ಕಳಿಸಿದ್ದಳು. ಕಲ್ಲಿನ ಮೇಲೆ ಮೊದಲ ಹೆಸರೇ ಹವಾಲ್ದಾರನದು. ಪರದೆ ಸರಿಸಲು ಅವಳ ಕೈಯೇ ಆಗಬೇಕು. ಐವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಸ್ಮಾರಕದ ಹತ್ತಿರ ಸುಳಿದವಳಲ್ಲ. ದುಃಖ ಇನ್ನೂ ಆರಿಲ್ಲ ಪಾಪ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

“ನೀವೇ ಹೋಗಿ ಬನ್ನಿ ತಾತ” ಎಂದರು ಅಧ್ಯಕ್ಷರು. “ಅವರ ಯಜಮಾನರ ಜೊತೆ ಇದ್ದವರು ನೀವು. ನಿಮ್ಮ ಮಾತು ತೆಗೆದುಹಾಕಲ್ಲ.”

ಹೀಗೆ, ಸತ್ಯ ಹೇಳಲು ಹೋದವನು ಆಮಂತ್ರಣ ಪತ್ರಿಕೆ ಹಿಡಿದು ಮೆಟ್ಟಿಲಿಳಿದ.

ಹವಾಲ್ದಾರನ ಹೆಂಡತಿಯನ್ನು ಊರು ಟೈಲರಮ್ಮ ಎನ್ನುತ್ತಿತ್ತು. ಅವಳ ಅಂಗಡಿ ಗಡಿಯಾರ ರಿಪೇರಿಯವನ ಪಕ್ಕದ ಓಣಿಯಲ್ಲಿತ್ತು. ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಗೋಡೆಯ ಮೊಳೆಗಳಲ್ಲಿ ಅರ್ಧಂಬರ್ಧ ಅಂಗಿಗಳು. ಎಪ್ಪತ್ನಾಲ್ಕು ವರ್ಷಕ್ಕೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ಅಂಚೆಯವನಾಗಿ ಅವನು ಆ ಬಾಗಿಲಿಗೆ ನೂರಾರು ಸಲ ಹೋಗಿದ್ದ. ಪ್ರತಿ ಸಲವೂ ಕಾಗದವನ್ನು ಹೊಸ್ತಿಲಿಗೆ ಹಾಕಿ, ಅವಳು ತಲೆಯೆತ್ತುವುದರೊಳಗೆ ಕಾಲು ಕಿತ್ತಿದ್ದ.

“ಏನಪ್ಪಾ, ಈಗಲೂ ಟಪಾಲು ಹಂಚ್ತೀಯಾ?” ಎಂದಳು, ಪತ್ರಿಕೆ ನೋಡಿ.

“ಸಮಿತಿಯವರು ಕಳಿಸಿದ್ರು ಅಕ್ಕಾ. ಪರದೆ ನೀವೇ ಸರಿಸಬೇಕಂತೆ.”

“ನಾನು ಬರಲ್ಲ.”

“ಅವರಿಗೆ ಗೌರವ...”

“ಗೌರವಾನಾ?” ಅವಳು ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. “ಹೋಗೋ ದಿನ ನನಗೆ ಏನು ಹೇಳಿದ್ರು ಗೊತ್ತಾ? ‘ಹೆದರಬೇಡ ಕಣೇ, ನನಗೆ ಶೌರ್ಯ ಗೀರ್ಯ ಏನೂ ಇಲ್ಲ, ಬಾ ಅಂದ ತಕ್ಷಣ ಎಲ್ಲರಿಗಿಂತ ಮುಂಚೆ ಓಡಿ ಬರ್ತೀನಿ.’ ಮದುವೆಯಾಗಿ ಎಂಟು ತಿಂಗಳು. ಆಮೇಲೆ ಕಲ್ಲು ನೆಟ್ರು. ಹಿಂದೆ ಬರಲೊಪ್ಪಲಿಲ್ಲವಂತೆ! ಅಂದ್ರೆ ಏನರ್ಥ? ಬಾ ಅಂದ್ರಂತೆ, ಇವರು ಬರಲ್ಲ ಅಂದ್ರಂತೆ. ನನಗಿಂತ ಆ ಸೇತುವೆ ಹೆಚ್ಚಾಯ್ತು. ಬರಲೊಪ್ಪದವನ ಹೆಂಡತಿ ನಾನು. ಅದನ್ನ ಹೋಗಿ ಹೂವಿಟ್ಟು ಓದಬೇಕಾ?”

ತಾತ ಬೆಂಚಿನ ಮೇಲೆ ಕೂತ. ಊರೆಲ್ಲ ದುಃಖವೆಂದುಕೊಂಡದ್ದು ಐವತ್ತು ವರ್ಷದ ಕೋಪವಾಗಿತ್ತು. ಸಮಿತಿಗೆ ಹೇಳಿದ್ದನ್ನೇ ಮತ್ತೆ ಹೇಳಿದ, ಮಂಜು, ತಂತಿ, ಇಟ್ಟಿಗೆ ಗೂಡು.

ಅವಳು ಯಂತ್ರದಲ್ಲಿದ್ದ ಅಂಗಿಯನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು.

“ಅಂದ್ರೆ ಅವರನ್ನ ಬಾ ಅಂತ ಯಾರೂ ಕರೀಲೇ ಇಲ್ವಾ?”

“ಕರೆದ್ರು ಅಕ್ಕಾ. ಆ ಕರೆ ನನ್ನ ಜೇಬಲ್ಲಿತ್ತು.”

ಅವಳು ಎದ್ದು ನಿಂತಳು. ಕೈಗೆ ಸಿಕ್ಕ ಅಳತೆಯ ಟೇಪು ಅವನ ಮುಖದ ಮೇಲೆ ಬಿತ್ತು. “ಏಳು. ಹೊರಗೆ ನಡಿ” ಎಂದಳು. ಅವನು ನಡೆದ. ಓಣಿಯ ತಿರುವಿನಲ್ಲಿ ನೋಡಿಕೊಂಡರೆ ಟೇಪು ಇನ್ನೂ ಹೆಗಲ ಮೇಲಿತ್ತು. ವಾಪಸು ಕೊಡಲು ಧೈರ್ಯ ಬರಲಿಲ್ಲ.

ಸಮಾರಂಭದ ಬೆಳಗ್ಗೆ ಅವಳು ಬಂದಳು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಯಾರ ಕೈಯನ್ನೂ ಹಿಡಿಯದೆ, ಮೊದಲ ಸಾಲಿನಲ್ಲಿ ಕೂತಳು. ಅಧ್ಯಕ್ಷರು ತಾತನ ಭುಜ ಅದುಮಿ, “ಏನು ಮೋಡಿ ಮಾಡಿದ್ರಿ ತಾತಾ!” ಎಂದರು. ಮಂತ್ರಿಗಳು ನಲವತ್ತು ನಿಮಿಷ ಮಾತಾಡಿ, ಸತ್ತವರ ಸಂಖ್ಯೆಯನ್ನು ಎರಡು ಸಲ ತಪ್ಪು ಹೇಳಿದರು. ಹೇಳಿದ ಎರಡು ತಪ್ಪೂ ಬೇರೆ ಬೇರೆಯಾಗಿದ್ದವು. ಟೈಲರಮ್ಮ ಎದ್ದು ಪರದೆ ಸರಿಸಿದಳು. ಹಿತ್ತಾಳೆ ಬಿಸಿಲಿಗೆ ಕಣ್ಣು ಕುಕ್ಕಿತು.

“ಅಮ್ಮಾ, ಎರಡು ಮಾತು” ಎಂದು ಅಧ್ಯಕ್ಷರು ಮೈಕು ಮುಂದೆ ಹಿಡಿದರು.

ಅವಳು ಕಲ್ಲಿನ ಕಡೆ ನೋಡಲಿಲ್ಲ, ಜನರ ಕಡೆ ನೋಡಿದಳು.

“ಇದರಲ್ಲಿ ಬರೆದಿರೋದು ಸುಳ್ಳು. ಕರೆದಿದ್ರೆ ನಮ್ಮವರು ಬರ್ತಿದ್ರು. ಓಡೋಡಿ ಬರ್ತಿದ್ರು. ಕರೆ ಅವರಿಗೆ ಮುಟ್ಟಲಿಲ್ಲ, ಅಷ್ಟೇ.”

ಮಂತ್ರಿಗಳು ಕರವಸ್ತ್ರ ತೆಗೆದರು. ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಬಿಕ್ಕಿದಳು. ಆಮೇಲೆ ಚಪ್ಪಾಳೆ, ಊರು ಕಂಡರಿಯದಂಥ ಚಪ್ಪಾಳೆ. “ಸತಿಯ ಕರೆ ಪತಿಗೆ ಮುಟ್ಟಲಿಲ್ಲ! ಎಂಥಾ ಮಾತು!” ಎಂದು ಹೆಡ್‌ಮಾಸ್ಟರು ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಮರುದಿನದ ಪತ್ರಿಕೆಯಲ್ಲಿ ಅದೇ ತಲೆಬರಹ.

ಜನ ಚದುರಿದ ಮೇಲೆ ಅವಳು ತಾತನ ಹತ್ತಿರ ಬಂದಳು.

“ನೋಡಿದ್ಯಾ? ನೀನೂ ಹೇಳ್ದೆ, ನಾನೂ ಹೇಳ್ದೆ.”

“ಹೂಂ ಅಕ್ಕಾ.”

“ಐವತ್ತು ವರ್ಷ ಏನೂ ತಪ್ಪು ಮಾಡದೆ ಇರೋ ಮನುಷ್ಯನ್ನ ಬೈದೆ. ಊಟಕ್ಕೆ ಕೂತ್ರೆ ಬೈದೆ, ದಾರ ತುಂಡಾದ್ರೆ ಬೈದೆ. ಪಾಪ, ಅವರು ಎದುರು ಮಾತಾಡೋ ಹಾಗಿರಲಿಲ್ಲ.” ಅವಳು ಅವನತ್ತ ಬೆರಳು ಮಾಡಿದಳು. “ನೀನು ಬದುಕಿದೀಯಲ್ಲ. ಮಂಗಳವಾರ ಅಂಗಡಿಗೆ ಬಾ. ಇನ್ನು ಮೇಲೆ ನಿನ್ನ ಬೈತೀನಿ.”

ಅವನು ಹೋದ. ಮೂರು ಗಂಟೆಗೆಂದರೆ ಮೂರು ಗಂಟೆಗೆ. ಅವಳು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಬೈದಳು: ಹೇಡಿ ಎಂದಳು, ಎರಡು ಗಂಟೆ ಏನು ಮಾಡ್ತಿದ್ದೆ ಗೂಡಿನೊಳಗೆ ಎಂದಳು. “ಅಳ್ತಿದ್ದೆ ಅಕ್ಕಾ” ಎಂದ. ಅವಳು ತುಟಿಯಿಂದ ಒಂದು ಸೂಜಿ ತೆಗೆದು ಬಟ್ಟೆಗೆ ಚುಚ್ಚಿ, “ಹತ್ತೊಂಬತ್ತು ಒಂದು ವಯಸ್ಸಾ?” ಎಂದು ಗೊಣಗಿ, ಮತ್ತೆ ಬೈಯಲು ಶುರುಮಾಡಿದಳು. ನೀನು ಚೀಟಿ ಮುಟ್ಟಿಸಿದ್ದರೆ ಯುದ್ಧ ಸೋಲುತ್ತಿದ್ದೆವಂತೆ, ನಿಜವೇ ಎಂದು ಒಮ್ಮೆ ಕೇಳಿದಳು. ಸೇತುವೆ ಬಿಟ್ಟಿದ್ದರೆ ಸೋಲೇ ಎಂದು ಪುಸ್ತಕದಲ್ಲಿದೆ ಎಂದ. “ಪುಸ್ತಕದ ಮನೆ ಹಾಳಾಗ!” ಎಂದಳು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಬೈಗುಳ ಕಡಿಮೆಯಾಗಿ ಪ್ರಶ್ನೆಗಳು ಹೆಚ್ಚಾದವು. ಕಾಳಗದ ಹಿಂದಿನ ದಿನ ಅವರು ಊಟ ಮಾಡಿದ್ರಾ? ಚಳಿ ಇತ್ತಾ? ಏನಾದ್ರೂ ಅಂದ್ರಾ? ತಾತ ನೆನಪನ್ನು ಕೆದಕಿ ಕೆದಕಿ ಕೊಡುತ್ತಿದ್ದ. ಒಂದು ಮಂಗಳವಾರ, ಹಿಂದಿನ ಸಂಜೆ ಹವಾಲ್ದಾರ ಸೂಜಿ ದಾರ ಕೇಳಿದ್ದನ್ನು ಹೇಳಿದ. ಮನೆಯಿಂದ ತಂದಿದ್ದ ಅಂಗಿಯ ಗುಂಡಿ ಉದುರಿತ್ತು.

“ಸಾಧ್ಯವೇ ಇಲ್ಲ” ಎಂದಳು ಟೈಲರಮ್ಮ. “ಆ ಅಂಗಿ ನಾನೇ ಹೊಲಿದಿದ್ದು. ನಾನು ಹೊಲಿದ ಗುಂಡಿ ಉದುರಲ್ಲ.”

“ಉದುರಿತ್ತು ಅಕ್ಕಾ. ಮೇಲಿಂದ ಎರಡನೇದು. ನಾನೇ ಸೂಜಿ ಕೊಟ್ಟೆ.”

“ಬೇರೆ ಯಾರದ್ದೋ ಇರ್ಬೇಕು.”

“ಅವರದ್ದೇ.”

ಆವತ್ತಿನ ಜಗಳ ಅಂಗಡಿ ಮುಚ್ಚುವವರೆಗೂ ನಡೆಯಿತು. ಪಕ್ಕದ ಗಡಿಯಾರದವನು ಎರಡು ಸಲ ಬಂದು ಇಣುಕಿ ನೋಡಿ ಹೋದ.