ಮೊಟ್ಟೆ ಹಾಕದ ಕೇಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ. ಹರಿಹರದಲ್ಲಿ ಇಷ್ಟು ವರ್ಷ ಬೇಕರಿಯ ಭಟ್ಟಿ ಮುಂದೆ ನಿಂತವಳಿಗೆ ಕೋಪ ಬರದೆ ಶೀತ ಬರುತ್ತದೆಯೇ? ಆದರೆ ಈ ಡಿಸೆಂಬರಿನಲ್ಲಿ ಚೌಡವ್ವ ಆ ಮಾತು ಹೇಳಿದಾಗ ಕೋಪ ಬರಲಿಲ್ಲ. ಕೈಯಲ್ಲಿದ್ದ ಕಿತ್ತಳೆಯನ್ನು ಬುಟ್ಟಿಗೆ ಹಾಕಿ, ಒಳಗೆ ಹೋಗಿ ಕೂತೆ, ಅಷ್ಟೆ.

ಚೌಡವ್ವ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳು. ಮೊದಲು ಪಕ್ಕದ ಮನೆಯ ಉಮಾಮಹೇಶ್ವರಿಯ ಹತ್ತಿರ ಇದ್ದಳು. ಉಮಾಳ ಮಗಳು ಸ್ವಾತಿಗೆ ದಾವಣಗೆರೆಯ ಕಾಲೇಜಿನಲ್ಲಿ ಕೆಲಸವಾಯಿತು, ತಾಯಿಯೂ ಜೊತೆಗೆ ಹೋದಳು, ಚೌಡವ್ವ ನಮ್ಮ ಕಡೆ ಬಂದಳು. ಕ್ರಿಸ್‌ಮಸ್ ಕೇಕಿಗೆ ದ್ರಾಕ್ಷಿ, ಖರ್ಜೂರ ನೆನೆಹಾಕುತ್ತಿದ್ದದ್ದನ್ನು ನೋಡಿ ಅವಳಿಗೆ ಹಳೆಯದು ನೆನಪಾಗಿರಬೇಕು.

"ಉಮಕ್ಕಾರು ಊರು ಬಿಟ್ಟ ಮ್ಯಾಲೆ ನಮ್ಮ ಹುಡುಗ್ರಿಗೆ ಕೇಕು ತಪ್ಪಿಹೋತು ನೋಡ್ರಿ. ನೀವು ಕೊಟ್ಟಿದ್ದು ಪೂರ್ತಿ ನಮ್ಮನಿಗೇ ಬರ್ತಿತ್ತು" ಎಂದಳು. ಪಾಪ, ನನ್ನನ್ನು ಹೊಗಳಬೇಕೆಂದೇ ಹೇಳಿದ್ದು. ಒಂದು ವರ್ಷವೂ ತಪ್ಪಿಲ್ಲವಂತೆ, ಒಂದು ತುಂಡೂ ಮುರಿದಿರುತ್ತಿರಲಿಲ್ಲವಂತೆ.

ನಮ್ಮ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಉಮಾಳ ಗಂಡ ತೀರಿಹೋದಾಗ ತಿಂಗಳುಗಟ್ಟಲೆ ಅವಳ ಪಕ್ಕ ಮಲಗಿದವಳು ನಾನು. ನನಗೆ ಗರ್ಭಕೋಶದ ಆಪರೇಷನ್ ಆದಾಗ ಗಂಜಿ, ತಿಳಿಸಾರು, ಮೆತ್ತನೆಯ ಅನ್ನ ಎಂದು ಗೋಡೆಯ ಮೇಲಿಂದ ದಾಟಿಸಿದವಳು ಅವಳು. ಯುಗಾದಿಯ ಹೋಳಿಗೆ, ಪಂಚಮಿಯ ಉಂಡಿ, ಎಲ್ಲ ಬರುತ್ತಿತ್ತು, ನಾವು ಬೆರಳು ಚೀಪಿಕೊಂಡು ತಿನ್ನುತ್ತಿದ್ದೆವು. ನಮ್ಮ ಕಡೆಯಿಂದ ಹೋಗುವುದಕ್ಕೆ ಮಾತ್ರ ಒಂದು ಪದ್ಧತಿ. ರಂಜಾನ್ ಹಬ್ಬಕ್ಕೆ ಸುರಕುಂಬಾ ಪಾಯಸ ಮಾಡಿ ಕಳಿಸುವುದಿಲ್ಲ. ಶ್ಯಾವಿಗೆ, ಸಕ್ಕರೆ, ಗೋಡಂಬಿ, ಖರ್ಜೂರ ಹಾಗೇ ಹಸಿಯಾಗಿ ತಟ್ಟೆಯಲ್ಲಿಟ್ಟು ಕೊಡುವುದು, ಅವರು ತಮ್ಮ ಒಲೆಯ ಮೇಲೆ ತಾವೇ ಮಾಡಿಕೊಳ್ಳಲಿ ಎಂದು. ನಮ್ಮತ್ತೆಯ ಕಾಲದಿಂದ ಹಾಗೇ ನಡೆದು ಬಂದಿದೆ, ಯಾರಿಗೂ ಬೇಸರವಿಲ್ಲ.

ಬೇಯಿಸಿ ಕೊಡುತ್ತಿದ್ದದ್ದು ಒಂದೇ, ಡಿಸೆಂಬರಿನ ಕೇಕು. ಮೊದಲ ಸಲ ಅಳುಕುತ್ತಲೇ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಾರನೆಯ ದಿನ ಗೋಡೆಯ ಮೇಲಿಂದ ತಲೆ ಹಾಕಿ ಬಾಳ ಚೆನ್ನಾಗಿತ್ತು ಎಂದಳು. ಅವಳು ಮೊಟ್ಟೆ ಮುಟ್ಟುವವಳಲ್ಲ, ನನಗೆ ಗೊತ್ತಿತ್ತು. ಆದರೆ ಬೇಕರಿಯ ತಿನಿಸಿನಲ್ಲಿರುವ ಮೊಟ್ಟೆ ಲೆಕ್ಕಕ್ಕಿಲ್ಲ ಎಂದು ನಮ್ಮೂರಲ್ಲಿ ಅರ್ಧ ಜನ ನಂಬಿದ್ದಾರೆ, ನಮ್ಮ ವ್ಯಾಪಾರ ನಡೆಯುವುದೇ ಆ ನಂಬಿಕೆಯ ಮೇಲೆ. ಉಮಾಳೂ ಆ ಪೈಕಿ ಎಂದುಕೊಂಡೆ. ಬೇರೆಯವರ ಮನೆಗೆ ಹಸಿ ಸಾಮಾನು ಮಾತ್ರ, ಇವಳ ಮನೆಗೆ ಬೇಯಿಸಿದ್ದೂ ಹೋಗುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ. ದಾವಣಗೆರೆಗೆ ಹೋದ ಮೇಲೂ ಮಗ ಫೈಸಲ್ ಕೈಯಲ್ಲಿ ಕಳಿಸುತ್ತಿದ್ದೆ, ಅವಳು ಫೋನ್ ಮಾಡಿ ಅದೇ ಮಾತು ಹೇಳುತ್ತಿದ್ದಳು.

ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ, ಜಮಾಲುದ್ದೀನ್ ಅವರಿಗೆ, ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ, ಮೊಟ್ಟೆ ಇರುವುದಕ್ಕೆ ತಿಂದಿಲ್ಲ, ಅದರಲ್ಲಿ ಏನಿದೆ ಎಂದರು. ನಾನು, ಹಾಗಾದರೆ ಈ ಸಲ ಮೊಟ್ಟೆ ಹಾಕದೆ ಮಾಡಿ ನಾನೇ ಒಯ್ಯುತ್ತೇನೆ ಎಂದೆ. ಅವರ ಕೈ ನಿಂತಿತು.

"ಕೆರಕೊಂಡು ಹುಣ್ಣು ಮಾಡ್ಕೋಬ್ಯಾಡ" ಎಂದರು. "ಮೊಟ್ಟೆ ಇದ್ದಾಗ ಅವಳಿಗೂ ಒಂದು ಮಾತಿತ್ತು, ನಿನಗೂ ಒಂದು ಮಾತಿತ್ತು. ಅದನ್ನ ತೆಗೆದ ಮ್ಯಾಲೆ ಅವಳು ತಿನ್ನಲಿಲ್ಲ ಅಂದ್ರೆ ಏನು ಮಾಡ್ತೀಯ?"

ಏನು ಮಾಡುವುದು? ಅವಳಿಗೆ ಬೇಡವಾದದ್ದು ಮೊಟ್ಟೆಯಲ್ಲ, ನನ್ನ ಕೈ ಎಂದು ತಿಳಿಯುತ್ತದೆ. ತಿಳಿದ ಮೇಲೆ ಅವಳ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದೆ. ಅವಳನ್ನು ಬಿಟ್ಟರೆ ನನಗೆ ಗೆಳತಿ ಅನ್ನುವವರು ಈ ಊರಲ್ಲೂ ಇಲ್ಲ, ಆ ಊರಲ್ಲೂ ಇಲ್ಲ. ಆದರೂ ಗೊತ್ತಾಗಲೇಬೇಕಿತ್ತು.

ಸೊಸೆ ಸಬಾ ಆನ್‌ಲೈನಿನಲ್ಲಿ ಒಂದು ಅಚ್ಚು ತರಿಸಿದ್ದಳು. ಸುತ್ತ ನೆರಿಗೆ, ಮಧ್ಯೆ ತೂತು. ಬಂಟ್ ಕೇಕಂತೆ. ಅಲ್ಲಮ್ಮಾ, ಕೇಕಿನ ಒಳ್ಳೇ ಭಾಗ ಇರುವುದೇ ನಡುವೆ, ಅಲ್ಲೇ ತೂತು ಮಾಡಿದ್ದಾರಲ್ಲ ಎಂದು ಅವಳನ್ನು ರೇಗಿಸಿದ್ದೆ. ಈಗ ಅದನ್ನೇ ಕೇಳಿದೆ. ನಮ್ಮ ಬೇಕರಿಯ ತಟ್ಟೆಗಳೆಲ್ಲ ಮೊಟ್ಟೆ ಕಂಡ ತಟ್ಟೆಗಳು. ಈ ಅಚ್ಚು ಇನ್ನೂ ಯಾವುದನ್ನೂ ಕಂಡಿರಲಿಲ್ಲ. ಹೊಸ ಪಾತ್ರೆ, ಹೊಸ ಚಮಚ, ಬೇಕರಿಯ ಭಟ್ಟಿಯ ಬದಲು ಮನೆಯ ಚಿಕ್ಕ ಓವನ್. ಯಾವ ನೆಪವೂ ಉಳಿಯಬಾರದು ಎಂದು ಹಟ ಹಿಡಿದು ಹೊಂದಿಸಿಕೊಂಡೆ. ಸಬಾ ತಾನು ಮಾಡಿಕೊಡುತ್ತೇನೆ ಎಂದಳು. ಬೇಡ, ನನ್ನ ಕೈಯಲ್ಲೇ ಆಗಬೇಕು ಎಂದೆ.

ಮೊಟ್ಟೆಯಿಲ್ಲದ ಕೇಕನ್ನು ಎಬ್ಬಿಸುವುದು ಸುಲಭವಲ್ಲ. ಮೊಸರಿಗೆ ಸೋಡಾ ಹಾಕಿ ನೊರೆ ಬರಿಸಬೇಕು. ಮೊದಲನೆಯದಕ್ಕೆ ಸೋಡಾ ಹೆಚ್ಚಾಗಿ ಸಾಬೂನಿನ ವಾಸನೆ ಹೊಡೆಯಿತು. ಅಷ್ಟೇ ಅಲ್ಲ, ಅಚ್ಚಿಗೆ ಬೆಣ್ಣೆ ಸವರಿದ್ದೆ. ದಾವಣಗೆರೆ ಬೆಣ್ಣೆ ಎಂದು ಜಂಬ ಬೇರೆ. ಹಸಿ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಇರುತ್ತದೆ, ನೆರಿಗೆಗೆಲ್ಲ ಕಚ್ಚಿಕೊಂಡು ಕೇಕು ಮೂರು ಪಾಲಾಗಿ ಬಿತ್ತು. ಇಷ್ಟು ವರ್ಷದ ಬೇಕರಿಯವಳು, ಸೊಸೆಯ ಮುಂದೆ ಮರ್ಯಾದೆ ಹೋಯಿತು. ಅವಳು ನಗಲಿಲ್ಲ, ಬಹಳ ಕಷ್ಟಪಟ್ಟು ನಗಲಿಲ್ಲ.

ಎರಡನೆಯದಕ್ಕೆ ತುಪ್ಪ ಸವರಿ ಮೇಲೆ ಮೈದಾ ಉದುರಿಸಿದೆ. ಕಿತ್ತಳೆ ಸಿಪ್ಪೆಯನ್ನು ತುರಿದು ಸಕ್ಕರೆಯ ಜೊತೆ ಬೆರಳಲ್ಲಿ ತಿಕ್ಕಿದೆ. ಕಿತ್ತಳೆ ರಸ, ಒಂದು ನಿಂಬೆಹಣ್ಣಿನ ರಸ, ಮೊಸರು, ಈ ಸಲ ಅಳೆದು ಹಾಕಿದ ಸೋಡಾ, ಮೈದಾ. ಅರ್ಧ ಹಿಟ್ಟು ಹೊಯ್ದು, ರಸದಲ್ಲಿ ನೆನೆದ ದ್ರಾಕ್ಷಿ, ಖರ್ಜೂರ, ಅಂಜೂರ, ಚೆರ್ರಿ ಎಲ್ಲ ಸುತ್ತಲೂ ತುಂಬಿ, ಉಳಿದ ಹಿಟ್ಟಿನಿಂದ ಮುಚ್ಚಿದೆ. ಬೆಂದು ಆರಿದ ಮೇಲೆ ಬಿಸ್ಮಿಲ್ಲಾ ಎಂದು ತಿರುವಿ ಹಾಕಿದರೆ ಇಡಿಯಾಗಿ ಬಂತು. ಮನೆ ತುಂಬ ಕಿತ್ತಳೆಯ ಘಮ.

ಮಾರನೆಯ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯ ಬಸ್ಸು ಹತ್ತಿದೆ. ಫೈಸಲ್ ಬೈಕಿನಲ್ಲಿ ಬಿಡುತ್ತೇನೆ ಎಂದಿದ್ದ, ಆ ಗುಂಡಿಗಳಲ್ಲಿ ಕೇಕು ಉಳಿದೀತೇ? ಕಂಡಕ್ಟರ್ ಡಬ್ಬಿಯನ್ನು ಕೆಳಗಿಡಿ ಎಂದ. ನೀನು ಬೇಕಾದರೆ ಕೆಳಗೆ ಕೂತುಕೋ ಎಂದೆ.

ಉಮಾ ವಿದ್ಯಾನಗರದ ಮನೆಯ ಬಾಗಿಲು ತೆಗೆದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು. ಒಂದು ಫೋನ್ ಮಾಡಬಾರದಿತ್ತೇ, ಎಷ್ಟು ಸೊರಗಿದ್ದೀಯ ಎಂದು ಬೈದಳು. ಸ್ವಾತಿ ಕಾಲೇಜಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಕಾಫಿ ಕೊಟ್ಟಳು, ಅವಲಕ್ಕಿ ಒಗ್ಗರಣೆ ಮಾಡಿ ತಂದಳು. ನಾನು ತಿಂದೆ. ಅವಳ ಕೈರುಚಿ ಹಾಗೇ ಇತ್ತು, ಅದಕ್ಕೂ ನನಗೆ ಸಂಕಟವಾಯಿತು.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದೆ. ಎಷ್ಟು ಚೆಂದ ಇದೆ, ಹೂವಿನ ಹಾಗಿದೆ ಎಂದು ಬಗ್ಗಿ ನೋಡಿದಳು. ಒಳಗಿಡಲು ಎತ್ತಿಕೊಂಡಳು.

"ಮೊಟ್ಟೆ ಹಾಕಿಲ್ಲ ಉಮಾ. ಪಾತ್ರೆನೂ ಹೊಸವು. ಇಲ್ಲೇ ಕೊಯ್ಯಿ, ಇಬ್ರೂ ತಿನ್ನಾನ" ಎಂದೆ.

ಅವಳು ಡಬ್ಬಿಯನ್ನು ಮತ್ತೆ ಕೆಳಗಿಟ್ಟಳು. ಇವತ್ತು ಸೋಮವಾರ, ಒಪ್ಪತ್ತು ಇದ್ದೇನೆ ಎಂದಳು. ಇವತ್ತು ಮಂಗಳವಾರ ಎಂದೆ. ಅವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಕಡೆ ಹೋಗಿ ಹಿಂದಕ್ಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಚೌಡವ್ವ ಎಲ್ಲ ಹೇಳಿದಳು ಎಂದು ಮೆಲ್ಲಗೆ ಹೇಳಿದೆ. ವರ್ಷವರ್ಷವೂ ಕೇಕು ಚೆನ್ನಾಗಿತ್ತು ಎನ್ನುತ್ತಿದ್ದೆಯಲ್ಲ, ತಿನ್ನದಿದ್ದದ್ದಕ್ಕಿಂತ ಅದೇ ಹೆಚ್ಚು ನೋಯುತ್ತಿದೆ ಎಂದೂ ಹೇಳಿದೆ.

ಉಮಾ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಸುಳ್ಳು ಹುಡುಕುತ್ತಿದ್ದಾಳೆ ಎಂದುಕೊಂಡೆ. ಹುಡುಕುತ್ತಿರಲಿಲ್ಲ.

"ಮೊಟ್ಟೆ ಐತೆ, ಅದಕ್ಕೇ ತಿನ್ನಂಗಿಲ್ಲ ಅಂತ ನನಗೆ ನಾನೇ ಹೇಳ್ಕೊತಿದ್ದೆ ಹಜೀರಾ. ನೀನು ಅದನ್ನೂ ತೆಗೆದ್ಬಿಟ್ಟೆ. ಈಗ ನಾನು ಏನಂತ ಹೇಳ್ಲಿ?"

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಕೋಪ ಬರುತ್ತದೆ ಎಂದು ಕಾದೆ, ಬರಲಿಲ್ಲ, ದುಃಖ ಬಂತು. ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ನೋಡುತ್ತಾ ಎದ್ದೆ. ಅವಳು ಕೂತ ಕಡೆಯಿಂದಲೇ ನನ್ನ ಸೀರೆಯ ಅಂಚು ಹಿಡಿದುಕೊಂಡಳು. ನಾನು ನಿಂತೇ ಇದ್ದೆ.

ಅವಳು ಚಾಕು ತರಲಿಲ್ಲ. ಇನ್ನೊಂದು ಕೈಯಿಂದಲೇ ಕೇಕಿನ ಒಂದು ನೆರಿಗೆಯನ್ನು ಮುರಿದಳು. ಒಳಗಿನ ಅಂಜೂರ, ದ್ರಾಕ್ಷಿ ಉದುರಿದವು. ತುಂಡನ್ನು ಬಾಯಿಯ ಹತ್ತಿರ ಒಯ್ದು ತಡೆದಳು. ಸಾಕು, ಬಿಡೇ ಎಂದು ಹೇಳಬೇಕು ಅನ್ನಿಸಿತು ನನಗೆ, ಅವಳ ಕಷ್ಟ ನೋಡಲಾಗಲಿಲ್ಲ. ಹೇಳಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಬಾಯಿಗೆ ಹಾಕಿದಳು, ಕಹಿ ಔಷಧಿ ಕುಡಿಯುವವರ ಹಾಗೆ. ಅಗಿದಳು. ಬಹಳ ಹೊತ್ತು ಅಗಿದಳು. ನುಂಗಿದಳು.

ಆಮೇಲೆ ಕಣ್ಣು ತೆಗೆದು, ಹುಬ್ಬು ಗಂಟಿಕ್ಕಿ ಕೇಕನ್ನೇ ನೋಡಿದಳು.

"ಹುಳಿ ಮುಂದಾಗೈತೆ" ಎಂದಳು. "ಸಕ್ಕರೆಗೆ ಯಾಕ ಇಷ್ಟು ಕೈ ಹಿಡಿದೆ?"

ನನಗೆ ರೇಗಿಹೋಯಿತು. ಎಂಥ ಹೆಣ್ಣಪ್ಪಾ ಇವಳು! ಎರಡು ದಿನ ಒದ್ದಾಡಿ ಮಾಡಿದ್ದೇನೆ, ಬಸ್ಸಿನಲ್ಲಿ ಮಗುವಿನ ಹಾಗೆ ಹೊತ್ತು ತಂದಿದ್ದೇನೆ, ಹುಳಿಯಂತೆ. ಕಿತ್ತಳೆ ಕೇಕು ಹುಳಿಯಾಗದೆ ಇನ್ನೇನಾಗುತ್ತದೆ ಎಂದು ಶುರು ಮಾಡಿದವಳು ಅರ್ಧಕ್ಕೇ ನಿಂತೆ. ಇಷ್ಟು ವರ್ಷದಲ್ಲಿ ನನ್ನ ಕೇಕು ತಿಂದು ಅವಳು ಆಡಿದ ಮೊದಲ ಮಾತು ಅದು. ನನಗೆ ಅಳು ಬಂತು, ಅವಳ ಮುಂದೆಯೇ ಅತ್ತೆ, ಮುಚ್ಚಿಡಲಿಲ್ಲ. ಅವಳು ಸೀರೆಯ ಅಂಚು ಬಿಟ್ಟು, ಅದೇ ಕೈಯಲ್ಲಿ ಒಂದು ತುಂಡು ಮುರಿದು ನನಗೆ ಕೊಟ್ಟಳು. ಕೂತು ತಿಂದೆ. ಸ್ವಲ್ಪ ಹುಳಿಯಾಗಿಯೇ ಇತ್ತು.