ಬಾವಿಕಟ್ಟೆಯ ಜಾಜಿ

ಸುಜಯನ ಕತ್ತಿ ಜಾಜಿ ಬಳ್ಳಿಯ ಬುಡಕ್ಕೆ ಇನ್ನೂ ತಾಗಿರಲಿಲ್ಲ. ಹಿತ್ತಲ ಬಾಗಿಲಿನಿಂದ ಇಳಿದು ಬಂದ ಅವನ ತಾಯಿ ದುರ್ಗಮ್ಮ, ಮಗನಿಗೂ ಬಳ್ಳಿಗೂ ನಡುವೆ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು.

"ಏಳು ಅಮ್ಮ. ಇದು ಇಲ್ಲಿ ಇರೂದು ಬ್ಯಾಡ."

"ಬಳ್ಳಿ ನಿಂಗೆಂತ ಮಾಡ್ತು?"

"ರಂಜು ಬಿದ್ದದ್ದು ಇದ್ರಿಂದ್ಲೇ ಅಲ್ದಾ?"

"ಇದನ್ನ ನೆಟ್ಟದ್ದೂ ರಂಜುವೇಯ. ನಾನು ಇರುವಷ್ಟು ದಿನ ಇರ್ಲಿ."

ಸುಜಯ ಕತ್ತಿಯನ್ನು ಪೇರಲೆ ಮರದ ಕವಲಿಗೆ ಸಿಕ್ಕಿಸಿ, ಬೈಕ್ ಹತ್ತಿ ಕಾಸರಕೋಡಿಗೆ ಹೊರಟುಹೋದ. ಅಲ್ಲಿನ ಬಂದರದಲ್ಲಿ ಬೋಟಿನ ಇಂಜಿನ್ ರಿಪೇರಿ ಅವನ ಕೆಲಸ. ಅವನ ಹೆಂಡತಿ ವೀಣಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಇವತ್ತಾದರೂ ಬಳ್ಳಿ ಹೋಗುತ್ತದೆ ಎಂದುಕೊಂಡಿದ್ದಳು.

ಸುಜಯನ ತಂಗಿ ರಂಜಿತಾ ಬಾವಿಗೆ ಬಿದ್ದು ಸತ್ತು ಎರಡು ವರ್ಷವಾಗಿತ್ತು. ಪೇರಲೆ ಮರ ಹತ್ತಿದ ಜಾಜಿ ಬಾವಿಯ ಮೇಲೆ ಚಾಚಿಕೊಂಡಿತ್ತು. ಮಳೆಗಾಲದ ಸಂಜೆ, ಪಾಚಿಗಟ್ಟಿದ ಕಟ್ಟೆ, ಹೂವಿಗೆ ಕೈ ಚಾಚಿದ ಹುಡುಗಿಯ ಕಾಲು ಜಾರಿತು. ಅವರ ಊರು ಕರ್ಕಿಯಲ್ಲಿ ಎಲ್ಲರಿಗೂ ತಿಳಿದದ್ದು ಇಷ್ಟೇ. ದುರ್ಗಮ್ಮ ಆ ದಿನ ನಸುಕಿನಲ್ಲೇ ಮಿರ್ಜಾನಿನ ತಂಗಿಯ ಮನೆಗೆ ಹೋಗಿದ್ದಳು. ಹೊರಡುವಾಗ ಮಗಳು ಮುಸುಕು ಹಾಕಿ ಮಲಗಿದ್ದಳು. ಎಬ್ಬಿಸಲು ಮನಸ್ಸಾಗಿರಲಿಲ್ಲ.

ಊರಿಗೆ ತಿಳಿಯದ ಒಂದು ಮಾತು ವೀಣಾಳ ಹತ್ತಿರ ಉಳಿದಿತ್ತು. ಆ ಸಂಜೆಯ ಮರುದಿನ ಅವಳು ಕುಮಟೆಯಲ್ಲಿ ಗೆಳತಿಯ ನಿಶ್ಚಿತಾರ್ಥಕ್ಕೆ ಹೋಗುವುದಿತ್ತು. ರಂಜಿತಾ ಅರ್ಧ ಬುಟ್ಟಿ ಮೊಗ್ಗು ಕೊಯ್ದು ತಂದು, ಸಾಕು ಎಂದು ಕಾಲು ತೊಳೆದುಕೊಂಡಾಗಿತ್ತು. "ಒಂದು ದಂಡೆಗೂ ಸಾಲೂದಿಲ್ಲ ಇದು. ಬಾವಿ ಮೇಲಿನದ್ದೂ ಕೊಯ್ಕೊಂಡು ಬಾ" ಎಂದು ತಿರುಗಿ ಕಳಿಸಿದವಳು ವೀಣಾ.

ಆಮೇಲೆ ಸುಜಯ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿದ. ಜಾಜಿ ಮಾತ್ರ ಮೊದಲಿಗಿಂತ ಹೆಚ್ಚು ಹೂ ಬಿಟ್ಟಿತು. ಸಂಜೆಯಾದರೆ ಅದರ ಪರಿಮಳ ಹಿತ್ತಲಿನಿಂದ ಜಗಲಿಗೆ, ಜಗಲಿಯಿಂದ ಕೋಣೆಗೆ ಬರುತ್ತಿತ್ತು. ಕಿಟಕಿ ಮುಚ್ಚಿದರೆ ಹಂಚಿನ ಸಂದಿಯಿಂದ ಇಳಿಯುತ್ತಿತ್ತು. ಅದರ ಹಿಂದೆಯೇ ಯಾರೋ ಒದ್ದೆ ಕಾಲಲ್ಲಿ ನಡೆದು ಬಂದಂತಾಗಿ ವೀಣಾ ನೆಲ ನೋಡುತ್ತಿದ್ದಳು. ನೆಲ ಒಣಗಿಯೇ ಇರುತ್ತಿತ್ತು. ದುರ್ಗಮ್ಮ ಬಾಳೆನಾರಿನಲ್ಲಿ ಕಟ್ಟಿಕೊಡುತ್ತಿದ್ದ ಹೂವಿನ ದಂಡೆಯನ್ನು ಅವಳು ಒಮ್ಮೆಯೂ ಮುಡಿಯಲಿಲ್ಲ. ತಲೆನೋವು ಎಂದು ಹೇಳಿ ದೇವರ ಪಟಕ್ಕೆ ಏರಿಸುತ್ತಿದ್ದಳು.

ಬಳ್ಳಿ ಉಳಿದ ದಿನ ಸಂಜೆ ದುರ್ಗಮ್ಮ ದಂಡೆಯನ್ನು ಕೈಗೆ ಕೊಡಲಿಲ್ಲ. ಸೊಸೆಯ ಬೆನ್ನ ಹಿಂದೆ ನಿಂತು ತಾನೇ ಮುಡಿಸಲು ಹೋದಳು. ತಣ್ಣನೆಯ ಹೂ ಕುತ್ತಿಗೆಗೆ ತಾಗಿತು.

"ನಾನೇ ಕಳ್ಸಿದ್ದು ಅತ್ತೆ" ಎಂದಳು ವೀಣಾ. "ರಂಜು ಸಾಕು ಅಂತ ಬಂದಿತ್ತು. ನಾನೇ ಬಾವಿ ಮೇಲಿನದ್ದೂ ಬೇಕು ಅಂದೆ."

ಜಡೆಯ ಮೇಲಿದ್ದ ಕೈ ನಿಂತಿತು. ಬೈಗುಳಕ್ಕೆ, ಏಟಿಗೆ ಕಾದು ವೀಣಾ ಕಣ್ಣು ಮುಚ್ಚಿದಳು. ದುರ್ಗಮ್ಮ ನಿಧಾನ ಸುತ್ತಿ ಬಂದು ಅವಳೆದುರು ಕೂತಳು.

"ಆಗ ರಂಜು ಎಂತ ಹೇಳ್ತು?"

ವೀಣಾ ಕಣ್ಣು ತೆರೆದಳು. ಎರಡು ವರ್ಷವೂ ಅವಳ ಕಿವಿಯಲ್ಲಿ ಇದ್ದದ್ದು ತಾನು ಆಡಿದ ಮಾತು ಮಾತ್ರ.

"'ಆತು ಅತ್ತಿಗೆ. ಆದ್ರೆ ಅರ್ಧ ದಂಡೆ ನಂಗೆ' ಅಂತು. ನಗ್ತಾ ಇತ್ತು."

"ಅದು ಹಾಂಗೆ ಹೇಳೂದಲ್ಲ" ಎಂದಳು ದುರ್ಗಮ್ಮ. "ಸ್ವಲ್ಪ ಎಳ್ದು ಹೇಳ್ತಿತ್ತು. ಇನ್ನೊಂದ್ಸಲ ಹೇಳು."

ವೀಣಾ ಹೇಳಿದಳು. ಮರುದಿನ ಸಂಜೆಯೂ ಹೇಳಬೇಕಾಯಿತು, ಅದರ ಮರುದಿನವೂ. ದುರ್ಗಮ್ಮ ಅವಳನ್ನು ಬೈಯಲಿಲ್ಲ, ಮಗನಿಗೆ ವಿಷಯ ತಿಳಿಸಲಿಲ್ಲ. ಹೂ ಕಟ್ಟುತ್ತ ಕೇಳುತ್ತಿದ್ದಳು, ಅಷ್ಟೇ. ಯಾವ ಬಾಗಿಲಲ್ಲಿ ನಿಂತಿತ್ತು? ಬುಟ್ಟಿ ಯಾವ ಕೈಯಲ್ಲಿತ್ತು? ಹೋಗುವಾಗ ತಿರುಗಿ ನೋಡಿತ್ತಾ? ಮಗಳ ಮಾತಿನ ಧಾಟಿ ತಪ್ಪಿದಲ್ಲಿ ತಿದ್ದುತ್ತಿದ್ದಳು. ಮೊದಮೊದಲು ವೀಣಾ ನೆಲ ನೋಡುತ್ತ ಮೆಲ್ಲಗೆ ಹೇಳುತ್ತಿದ್ದಳು. ಬರಬರುತ್ತ ಸ್ವರ ಹಗುರಾಯಿತು, ಎಳೆತ ಕೂಡಿತು, ಕೊನೆಯಲ್ಲಿ ಆ ಸಣ್ಣ ನಗುವೂ ಬಂತು. ಅದು ತನ್ನ ಬಾಯಿಂದಲೇ ಬಂದದ್ದೆಂದು ಮೊದಲ ಸಲ ಅವಳಿಗೆ ನಂಬಿಕೆಯಾಗಲಿಲ್ಲ.

ಗಣೇಶ ಚೌತಿ ಮುಗಿದ ವಾರ, ಇನ್ನೂ ಬೆಳಕಿದ್ದಾಗಲೇ, ಅತ್ತೆ ಸೊಸೆ ಜಗಲಿಯಲ್ಲಿ ಕೂತಿದ್ದರು.

"ಹೇಳು ಮಗಾ."

"ಆತು ಅತ್ತಿಗೆ. ಆದ್ರೆ ಅರ್ಧ ದಂಡೆ ನಂಗೆ."

ಗೇಟಿನ ಚಿಲಕ ಸರಿದ ಸದ್ದಾಯಿತು. ಹೆಜ್ಜೆಯ ಸದ್ದು ಬರಲಿಲ್ಲ. ವೀಣಾ ಬಗ್ಗಿ ನೋಡಿದಳು. ಸುಜಯ ಒಂದು ಕಾಲನ್ನು ಅಂಗಳದೊಳಗೆ ಇಟ್ಟು, ಇನ್ನೊಂದನ್ನು ರಸ್ತೆಯಲ್ಲೇ ಬಿಟ್ಟು, ಗೇಟನ್ನು ಹಿಡಿದು ನಿಂತಿದ್ದ. ತಂಗಿಯ ಸ್ವರ ಅಲ್ಲಿಂದಲೇ ಬಂದಂತೆ ಅವನ ಕಣ್ಣು ಮನೆಯ ಮಾಡಿನ ಆಚೆ, ಬಾವಿಯ ಕಡೆಗಿತ್ತು.