ಎರಡನೇ ಚೀಲದ ಕಿತ್ತಳೆ

ಬೆರಳಿನಲ್ಲಿ ಇನ್ನೂ ಕಿತ್ತಳೆಯ ವಾಸನೆ, ಚಡ್ಡಿಗೆ ಎಷ್ಟು ಒರೆಸಿದರೂ ಹೋಗುತ್ತಿಲ್ಲ, ಜೊತೆಗೆ ಅಂಟು, ಅಂಟಿದ್ದರೆ ಒಳ್ಳೆಯದೇ, ನಮ್ಮ ಫುಟ್‌ಬಾಲಿನಲ್ಲಿ ಕೈಯಲ್ಲೂ ಹಿಡಿಯುವ ಚೆಂಡು ಜಾರುವುದಿಲ್ಲ — ಆದರೆ ಚೆಂಡು ಇತ್ತ ಬರದೇ ಇದ್ದರೆ ಇನ್ನೂ ಒಳ್ಳೆಯದು, ಆ ತುದಿಯಲ್ಲೇ ಇರಲಿ, ಅಲ್ಲಿ ಹತ್ತಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುತ್ತಿರಲಿ, ಆಟದ ಈ ನಾಲ್ಕನೇ, ಕೊನೆಯ ಕ್ವಾರ್ಟರ್ ಹಾಗೇ ಕಳೆದುಹೋಗಲಿ, ಒಂಬತ್ತು ಅಂಕ ಮುಂದಿದ್ದೇವೆ, ಆಟ ಮುಗಿಸುವ ಸೈರನ್ ಕೂಗಿಬಿಟ್ಟರೆ ಸಾಕು, ಮನೆಗೆ ಹೋಗಿ ಪರದೆ ಎಳೆದು ಮಲಗಿಬಿಡುತ್ತೇನೆ, ಆಗಸ್ಟಿನ ಬಿಸಿಲು, ಮೆಲ್ಬರ್ನ್ ಕಡೆಯ ನಮ್ಮೂರಲ್ಲಿ ಚಳಿಗಾಲದ್ದು, ಯಾರಿಗೂ ತಾಗದ ಬಿಸಿಲು, ನನ್ನ ಕಣ್ಣಿಗೆ ಮಾತ್ರ ಸೂಜಿ ಚುಚ್ಚುತ್ತದೆ, ಒಂದು ತಿಂಗಳಾಯಿತು ಹೀಗೆ, ಯಾರಿಗೂ ಹೇಳಿಲ್ಲ. ಪಕ್ಕದಲ್ಲಿ ನೋಸ್ಕೆ, ಡನ್‌ಮೋರ್ ತಂಡದವನು, ನಾನು ಕಾಯಬೇಕಾದ ಆಸಾಮಿ, ನೂರೆಂಟು ಕೆಜಿ, ವಾರವಿಡೀ ಕುರಿಗಳನ್ನು ಕೆಡವಿಕೊಂಡು ಉಣ್ಣೆ ಕತ್ತರಿಸುವ ತೋಳು, ಆ ತೋಳಿನ ಮೊಣಕೈ ನನ್ನ ಪಕ್ಕೆಗೆ ಅಂಟಿಕೊಂಡೇ ಇದೆ, ಏನ್ ಟ್ರ್ಯಾಂಟರ್, ಇವತ್ತು ಚೆಂಡು ನೋಡ್ತೀಯೋ ನನ್ನೇ ನೋಡ್ತಾ ನಿಂತಿರ್ತೀಯೋ, ಅಷ್ಟು ಚೆನ್ನಾಗಿದೀನೇನೋ ನಾನು ಅಂತ ಕೆಣಕುತ್ತಾನೆ, ಅಂದರೆ ಸುದ್ದಿ ಡನ್‌ಮೋರಿಗೂ ಮುಟ್ಟಿದೆ, ನಲವತ್ತು ಮೈಲಿ ಗೋಧಿ ಹೊಲ ದಾಟಿ ನನ್ನ ಮಾನ ಅಲ್ಲೂ ಹರಾಜಾಗಿದೆ, ಬಾಯಿ ಒಣಗಿದೆ, ನಾಲಿಗೆಯಿಂದ ಹಲ್ಲಿನ ರಕ್ಷೆಯನ್ನು ಒತ್ತಿ ನೋಡುತ್ತೇನೆ, ಇದೆ, ಸರಿಯಾಗಿ ಕೂತಿದೆ.

ಈ ಗುರುವಾರ ಸಂಜೆಯದು ಆ ಸುದ್ದಿ, ಕ್ಲಬ್ಬಿನ ಸಭಾಂಗಣದಲ್ಲಿ ಸಾಸೇಜು ಆಲೂಗಡ್ಡೆ ತಿಂದಾದ ಮೇಲೆ ನಮ್ಮ ಕೋಚ್ ಡಾರ್ಬಿ ದೀಪ ಆರಿಸಿ ಹಿಂದಿನ ವಾರದ ಆಟದ ವಿಡಿಯೊ ಹಾಕಿದ, ಊರಿನ ಅರ್ಧ ಜನ ಅಲ್ಲೇ ಇದ್ದರು, ಗೋಡೆಯ ಮೇಲೆ ನಾನು, ಚೆಂಡು ನನ್ನ ತಲೆಯ ಮೇಲಿಂದ ನಮ್ಮ ಗೋಲಿನ ಕಡೆಗೆ ಹಾರುತ್ತಿದೆ, ನಾನು ಅದರ ಕೆಳಗೇ ಅದೇ ದಿಕ್ಕಿಗೆ ಓಡುತ್ತಿದ್ದೇನೆ, ತಲೆ ಎತ್ತಿ ಚೆಂಡನ್ನೇ ನೋಡುತ್ತಾ, ಹಾಗೆ ಓಡುವಾಗ ಎದುರಿನಿಂದ ಯಾರು ನುಗ್ಗಿ ಬರುತ್ತಿದ್ದಾರೆ ಅಂತ ನೋಡಬಾರದು, ಅದೊಂದೇ ನಿಯಮ, ಪುಸ್ತಕದಲ್ಲಿಲ್ಲ, ಆದರೆ ಆರು ವರ್ಷದ ಮಕ್ಕಳಿಗೂ ಗೊತ್ತು, ನೋಡದೆ ಓಡಿದವನು ಗಂಡಸು, ನೋಡಿದವನು — ಡಾರ್ಬಿ ವಿಡಿಯೊ ಅಲ್ಲಿಗೇ ನಿಲ್ಲಿಸಿದ, ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ, ಚೆಂಡು ಮೇಲಿದೆ, ನನ್ನ ಕಣ್ಣು ಪಕ್ಕಕ್ಕೆ ಹೊರಳಿದೆ, ಬಿಳಿಯೇ ಬಿಳಿ, ಕಸಾಯಿಖಾನೆಯ ಬಾಗಿಲಲ್ಲಿ ಕುರಿ ನೋಡುವ ಹಾಗೆ, ಡಾರ್ಬಿ ಆ ಚಿತ್ರವನ್ನು ಹಾಗೇ ಗೋಡೆಯ ಮೇಲೆ ಬಿಟ್ಟ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಆಗ ಹಿಂದಿನ ಸಾಲಿನಿಂದ ಅಪ್ಪನ ದನಿ, ಊರೆಲ್ಲ ರಸ್ಟಿ ಅನ್ನುವ ನನ್ನ ಅಪ್ಪನದು, ಯಾರೋ ಅದು, ಯಾರ ಮನೆ ಹುಡುಗ ಅವ್ನು — ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಮೇಜು ಗುದ್ದಿದರು, ರಸ್ಟಿ ಬಿಟ್ಟ ನೋಡ್ರೋ ಬಾಣ, ಸ್ವಂತ ಮಗನ್ನೇ ಮನೆಯಿಂದ ಹೊರಗ್ಹಾಕ್ದ, ಅಪ್ಪನೂ ನಕ್ಕ, ಎಲ್ಲರೂ ನಗುತ್ತಿದ್ದಾರಲ್ಲ ಅಂತ ನಕ್ಕ, ಅದು ಬಾಣವಲ್ಲ, ಪ್ರಶ್ನೆ, ಅವನು ನಿಜವಾಗಿ ಕೇಳಿದ್ದು, ಅದು ಗೊತ್ತಿದ್ದದ್ದು ನನಗೆ ಮತ್ತು ಅಮ್ಮನಿಗೆ, ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಲೇ ಇದ್ದಳು.

ಬಂತು, ಇತ್ತಲೇ ಬಂತು, ಚೆಂಡು ಎತ್ತರಕ್ಕೆ, ನೋಸ್ಕೆ ಮೈ ತಿರುಗಿಸಿ ನನ್ನನ್ನು ಹಿಂದಕ್ಕೆ ತಳ್ಳಿದ, ಹಾರು, ಹಾರೋ ಕೀರನ್ ಅಂತ ನನಗೆ ನಾನೇ ಹೇಳಿಕೊಂಡೆ, ಕಾಲು ಹಾರಿತು, ಕಣ್ಣು ಮಾತ್ರ ಮಾತು ಕೇಳಲಿಲ್ಲ, ಅವನ ಮೊಣಕಾಲು ಎಲ್ಲಿದೆ ಅಂತ ನೋಡಿತು, ಒಂದೇ ಕ್ಷಣ, ಅಷ್ಟರಲ್ಲಿ ಚೆಂಡು ಅವನ ಎದೆಗೆ ಪಟ್ಟಂತ ಬಿತ್ತು, ಅಂಪೈರ್ ಸೀಟಿ, ಗಾಳಿಯಲ್ಲೇ ಹಿಡಿದವನಿಗೆ ಅಡ್ಡಿಯಿಲ್ಲದ ಒಂದು ಒದೆತ, ಇಪ್ಪತ್ತು ಹೆಜ್ಜೆಯಿಂದ ನೇರ ಒದ್ದ, ಗೋಲ್, ಆರು ಅಂಕ, ಡನ್‌ಮೋರಿನವರ ಕಾರುಗಳೆಲ್ಲ ಬೇಲಿಯ ಆಚೆ ನಿಂತಲ್ಲೇ ಹಾರ್ನ್ ಹೊಡೆಯುತ್ತಿವೆ, ಆ ಸದ್ದು ಕಿವಿಯ ಹಿಂದೆ, ಏಟು ಬಿದ್ದ ಅದೇ ಜಾಗದಲ್ಲಿ ಬಂದು ಕೂರುತ್ತದೆ, ಥ್ಯಾಂಕ್ಸ್ ಚಿನ್ನ, ನೋಸ್ಕೆ ನನ್ನ ತಲೆ ಸವರಿದ. ಪೆರ್ರಿ ಓಡಿ ಬರುತ್ತಿದ್ದಾನೆ, ಕೋಚ್ ಮಾತು ಹೊತ್ತು ಬರುವುದೇ ಅವನ ಕೆಲಸ, ವಾರದ ದಿನಗಳಲ್ಲಿ ನಮ್ಮೂರಿನ ಕೊಳಾಯಿ ರಿಪೇರಿ, ಡಾರ್ಬಿ ಏನಂದ್ರು ಅಂದ್ರೆ, ಅವರಂದದ್ದು ಹಾಗೇ ಹೇಳ್ಲಾ ಸ್ವಲ್ಪ ತೊಳ್ದು ಹೇಳ್ಲಾ, ತೊಳೆದೇ ಹೇಳಪ್ಪ, ಇನ್ನೊಂದ್ಸಲ ನೋಡಿದ್ರೆ ಮುಂದಿನ ವಾರದಿಂದ ಎರಡನೇ ಟೀಮು, ಸೀಸನ್ ಮುಗಿಯೋವರೆಗೂ, ಸರಿ, ಸರಿ ಅಂದೆ, ಎರಡನೇ ಟೀಮು ಅಂದರೆ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬನಿಯಲ್ಲಿ, ಹೊಟ್ಟೆ ಬಂದವರ ಜೊತೆ, ರಸ್ಟಿ ಟ್ರ್ಯಾಂಟರನ ಮಗ, ಆ ಫೋಟೊದವನ ಮಗ, ಕ್ಲಬ್ಬಿನ ಬಾಗಿಲ ಮೇಲೆಯೇ ಇದೆಯಲ್ಲ ಆ ಫೋಟೊ, ಅಪ್ಪ ಗಾಳಿಯಲ್ಲಿ ಮಲಗಿದ ಹಾಗೆ, ಹಣೆಗೆ ಬ್ಯಾಂಡೇಜು, ಕಣ್ಣು ಚೆಂಡಿನ ಮೇಲೆ, ಎದುರಿಗೆ ಮೂವರು, ಒಬ್ಬನನ್ನೂ ನೋಡುತ್ತಿಲ್ಲ.

ಹದಿನೇಳು ವರ್ಷ ನೋಡಲಿಲ್ಲ ಅವನು, ಕ್ಲಬ್ಬಿನ ಪ್ರತಿ ವರ್ಷದ ಊಟದಲ್ಲೂ ಅದೇ ಕಥೆ, ಫೈನಲ್ಲಿನಲ್ಲಿ ತಲೆಗೆ ಬಿದ್ದು ಎದ್ದು ಪೂರ್ತಿ ಆಡಿ, ಕಪ್ ಎತ್ತಿ, ಪಬ್ಬಿಗೆ ಬಂದು ಬಿಯರ್ ಹಿಡಿದು ಕೇಳಿದನಂತೆ, ಆಟ ಎಷ್ಟ್ ಗಂಟೆಗ್ರೋ ಶುರು, ನಾನು ಆ ಕಥೆಗೆ ಎಷ್ಟು ಸಲ ನಕ್ಕಿದ್ದೇನೆ, ಹಾಲು ಮೂಗಿಗೆ ಹತ್ತುವ ಹಾಗೆ ನಕ್ಕಿದ್ದೇನೆ. ಈಗ ಅವನಿಗೆ ಒಂದೇ ಕೆಲಸ, ಮೂರನೇ ಕ್ವಾರ್ಟರ್ ಮುಗಿದಾಗ ಬರುವ ಬ್ರೇಕಿಗೆ ಕಿತ್ತಳೆ ಹೆಚ್ಚಿಡುವುದು, ಒಂದು ಚೀಲ, ಒಂದು ಹಣ್ಣಿಗೆ ನಾಲ್ಕು ಹೋಳು, ಇವತ್ತೂ ಬಕೆಟ್ ಹಿಡಿದು ಬಂದ, ತಗೋ, ಕಚ್ಚಿ ಎಳಿ, ಸಿಪ್ಪೆ ನೆಲಕ್ಕೆ ಹಾಕ್ಬೇಡ, ನಾನು ಆರು ವರ್ಷದವನಾಗಿದ್ದಾಗಿನಿಂದ ಇದೇ ಮಾತು, ಇದೇ ಕ್ರಮ, ಒಂದಕ್ಷರ ಬದಲಾಗಿಲ್ಲ, ಅದನ್ನು ಕೇಳಿ ಎಷ್ಟು ಸಮಾಧಾನವಾಯಿತು ಅಂದರೆ ಅಳು ಬಂತು, ಏಕೆಂದರೆ ಹದಿನೈದು ದಿನದ ಹಿಂದೆ, ಇದೇ ಮೈದಾನದಲ್ಲಿ, ಬ್ರೇಕ್ ಮುಗಿದ ಮೇಲೆ ಅವನು ಎರಡನೇ ಚೀಲ ಬಿಚ್ಚಿದ, ಮುಂದಿನ ಆಟಕ್ಕೆಂದು ತಂದಿಟ್ಟಿದ್ದ ಚೀಲ, ಕೊನೆಯ ಕ್ವಾರ್ಟರ್ ಪೂರ್ತಿ ಕೂತು ಹೆಚ್ಚಿದ, ಸೈರನ್ ಆಗಿ ನಾವು ಹೊರಗೆ ಬರುವಾಗ ತುಂಬಿದ ಬಕೆಟ್ ಹಿಡಿದು ಗೆರೆಯ ಮೇಲೆ ನಿಂತಿದ್ದ, ತಗೊಳ್ರೋ, ಇನ್ನೊಂದು ಕ್ವಾರ್ಟರ್ ಇದೆ, ಜೀವ ಬಿಟ್ಟು ಆಡ್ಬೇಕು, ಏನ್ ರಸ್ಟಿ ಗೆದ್ದಿದ್ದಕ್ಕೆ ಬೋನಸ್ಸಾ ಅಂತ ನಗಾಡಿ ಎಲ್ಲರೂ ಒಂದೊಂದು ಹೋಳು ತೆಗೆದುಕೊಂಡರು. ಈ ಮಂಗಳವಾರ ಅಮ್ಮ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದೇ ಹೇಳಿದಳು, ಮೆಲ್ಬರ್ನ್ ಡಾಕ್ಟ್ರು ಹೇಳಿದ್ರು ಕಣೋ, ವಯಸ್ಸಿನ ಮರೆವಲ್ವಂತೆ, ಐವತ್ತಾರಕ್ಕೆ ಎಂಥಾ ವಯಸ್ಸು, ತಲೆಗೆ ಬಿದ್ದ ಏಟುಗಳೇ ಇರ್ಬೇಕಂತೆ, ಒಂದೊಂದೂ ಸಣ್ಣದೇ, ಎಲ್ಲ ಸೇರ್ಕೊಂಡು, ಯಾರಿಗೂ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾರೆ ಅಪ್ಪ, ನಿನ್ ತಲೆಗೇನೂ ಆಗಿಲ್ವಲ್ಲ ಮಗನೇ, ಇಲ್ಲಮ್ಮ, ನನಗೇನಾಗಿದೆ.

ಇಲ್ಲಮ್ಮ ಅಂದೆನಲ್ಲ, ಎಷ್ಟು ಸಲೀಸಾಗಿ ಬಂತು ಸುಳ್ಳು, ಆಟದಲ್ಲಿ ಯಾರದೋ ಮೊಣಕಾಲು ಕಿವಿಯ ಹಿಂದೆ ಬಡಿದು ಅದಾಗಲೇ ಮೂರು ವಾರ ದಾಟಿತ್ತು, ಕಣ್ಣು ತೆರೆದಾಗ ಲೊರೇನ್ ಬಗ್ಗಿದ್ದಳು, ನಮ್ಮ ತಂಡದ ಗಾಯಗಳನ್ನು ನೋಡಿಕೊಳ್ಳುವವಳು, ಅಂಚೆ ಕಚೇರಿಯವಳು, ಕೀರನ್, ಇದು ಯಾವ ಕ್ವಾರ್ಟರ್ ಹೇಳು, ಸರಿಯಾದ ಉತ್ತರ ಬರದಿದ್ದರೆ ಮೂರು ವಾರ ಹೊರಗೆ, ನನಗೆ ನಿಜವಾಗಿ ಗೊತ್ತಿರಲಿಲ್ಲ, ಒಳಗೆ ಹುಡುಕಿದರೆ ಬರೀ ಬೆಳ್ಳಗೆ, ಅವಳ ಬೆನ್ನ ಹಿಂದೆ ಬೇಕರಿಯವರ ಸಿಲ್ವಿಯೊ, ನಮ್ಮ ತಂಡದ ಸಿಲ್, ಶೂ ದಾರ ಕಟ್ಟುವ ನಾಟಕ ಮಾಡುತ್ತಾ ತುಟಿಯಲ್ಲೇ ಅಂದ, ಎರಡನೇದು, ಎರಡನೇದು ಲೊರೇನ್ ಅಂದೆ, ಭೇಷ್ ಅಂದಳು, ಎದ್ದೆ, ಓಡಿದೆ, ಸಿಲ್ ಆಮೇಲೆ ಬೆನ್ನು ತಟ್ಟಿ, ಮಗಾ ಒಂದು ಬಿಯರ್ ಬಾಕಿ ನಂಗೆ. ಮತ್ತೆ ಈ ಬುಧವಾರ, ಕೆಲಸದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿಕೊಂಡು ಕೈ ಚಾಚಿದೆ, ಅದನ್ನು ಕೊಡಿ ಅಂದೆ, ಯಾವುದನ್ನ, ಅದು, ಅದೇ, ದಿನಕ್ಕೆ ನೂರು ಸಲ ಹಿಡಿಯುವ ಉಪಕರಣ, ಆಕಾರ ಕಣ್ಣ ಮುಂದಿದೆ, ಹೆಸರು ಬರುತ್ತಿಲ್ಲ, ಎಣ್ಣೆ ಮುಖದ ಮೇಲೆ ತೊಟ್ಟಿಕ್ಕುತ್ತಿದೆ, ಹೆಸರು ಬರುತ್ತಿಲ್ಲ, ಏನಪ್ಪಾ ನಿಮ್ಮಪ್ಪನ ಹಾಗೆ ಶುರು ಮಾಡ್ದೆ ಅಂತ ಗ್ಯಾರೇಜಿನ ಯಜಮಾನರು ನಕ್ಕರು, ಸ್ಪ್ಯಾನರ್, ಸ್ಪ್ಯಾನರ್, ಸ್ಪ್ಯಾನರ್, ರಾತ್ರಿ ಹಲ್ಲುಜ್ಜುವಾಗ ಹೇಳಿಕೊಂಡೆ, ಇವತ್ತು ಬೂಟು ಕಟ್ಟುವಾಗಲೂ ಹೇಳಿಕೊಂಡೆ, ಇದೆ, ಇನ್ನೂ ಇದೆ, ಎಲ್ಲಿಯೂ ಹೋಗಿಲ್ಲ.

ಇನ್ನೆಷ್ಟು ಹೊತ್ತು, ಮೂರೇ ಅಂಕ ಮುಂದೆ, ಚೆಂಡು ಮೈದಾನದ ನಡುವಿನಲ್ಲಿದೆ, ನಾನು ಗೋಲು ಬಿಟ್ಟು ಮೂವತ್ತು ಹೆಜ್ಜೆ ಮುಂದೆ ಬಂದಿದ್ದೇನೆ, ನೋಸ್ಕೆ ಹಿಂದೆ ಗೋಲಿನ ಬಳಿಯೇ ಉಳಿದಿದ್ದಾನೆ, ಅದು ತಪ್ಪು, ಹಿಂದಕ್ಕೆ ಹೋಗು, ತಿರುಗಿದರೆ ಬೇಲಿ ಕಾಣುತ್ತದೆ, ಗೋಧಿ ತುಂಬಿಡುವ ಸೈಲೊ ಗೋಪುರ, ಅದರ ನೆರಳು, ನೆರಳಿನಲ್ಲಿ ಮಡಿಸುವ ಮೇಜು, ಅಪ್ಪ — ಬೇಡ ಅಪ್ಪ, ಬೇಡ, ಬ್ರೇಕ್ ಮುಗಿದು ಇಪ್ಪತ್ತು ನಿಮಿಷವಾಯಿತು, ನಾವೆಲ್ಲ ತಿಂದಾಯಿತು, ಅವನು ಎರಡನೇ ಚೀಲದ ಬಾಯಿ ಬಿಚ್ಚಿ ಕಿತ್ತಳೆ ಹೆಚ್ಚುತ್ತಿದ್ದಾನೆ, ತಲೆ ಬಗ್ಗಿಸಿ, ಅಚ್ಚುಕಟ್ಟಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಅಮ್ಮ ಕಾರಿನಿಂದ ಇಳಿದು ಅತ್ತ ಹೋಗುತ್ತಿದ್ದಾಳೆ, ಓಡುತ್ತಿಲ್ಲ, ಓಡಿದರೆ ಜನ ನೋಡುತ್ತಾರಲ್ಲ — ಕೀರನ್! ಸಿಲ್‌ನ ಕೂಗು, ಕೀರನ್ ಮೇಲೆ! ಚೆಂಡು ಒದ್ದಾಯಿತು, ನನ್ನ ತಲೆಯ ಮೇಲಿಂದ, ಕೆಂಪಗೆ, ಉರುಳುತ್ತಾ, ಗೋಲಿನ ಕಡೆಗೆ, ಓಡು, ಅದರ ಕೆಳಗೇ ಓಡು, ಎದುರಿನಿಂದ ಹೆಜ್ಜೆ ಸದ್ದು, ನೆಲ ನಡುಗುವ ಹೆಜ್ಜೆ, ನೂರೆಂಟು ಕೆಜಿ, ಬರ್ತಾ ಇದೀನಿ ಟ್ರ್ಯಾಂಟರ್, ನೋಡು ನನ್ನ, ನೋಡು, ನೋಡಿದರೆ ತಪ್ಪಿಸಿಕೊಳ್ಳಬಹುದು, ಒಂದೇ ಒಂದು ಸಲ ಕಣ್ಣು ಹೊರಳಿಸಿದರೆ ಸಾಕು, ಭುಜ ತಿರುಗಿಸಿಕೊಂಡು ಪಕ್ಕಕ್ಕೆ ಸರಿದರೆ ನನ್ನ ತಲೆ ನನಗೆ ಉಳಿಯುತ್ತದೆ, ಸ್ಪ್ಯಾನರ್ ಉಳಿಯುತ್ತದೆ, ಅಮ್ಮನ ಹೆಸರು ಉಳಿಯುತ್ತದೆ, ಭಯವಾಗುತ್ತಿದೆ, ಅಪ್ಪಾ ನನಗೆ ಭಯವಾಗುತ್ತಿದೆ, ಬೇಲಿಯ ಕಡೆಯಿಂದ ಕೇಳಿತು, ಅಪ್ಪನದೇ ದನಿ, ಹಳೆಯ ದನಿ, ಸರಿಯಾಗಿದ್ದ ಕಾಲದ್ದು, ಚೆಂಡ್ ನೋಡೋ ಕೀರನ್, ಚೆಂಡ್ ನೋಡು! ಹೆಸರು ಹಿಡಿದು ಕರೆದ, ನಾನು ಯಾರ ಮನೆ ಹುಡುಗ ಅಂತ ಅವನಿಗೆ ಗೊತ್ತು, ಇವತ್ತು, ಈ ಕ್ಷಣ ಗೊತ್ತು, ಚೆಂಡನ್ನೇ ನೋಡಿದೆ, ಅದರ ಹೊಲಿಗೆ ಕಂಡಿತು, ದಾರದ ಒಂದೊಂದು ಗಂಟೂ ಕಂಡಿತು, ಕೈ ಚಾಚಿದೆ —

ಹುಲ್ಲು, ಕೆನ್ನೆಗೆ ತಣ್ಣನೆ ಹುಲ್ಲು, ಹಾರ್ನ್, ನಮ್ಮೂರಿನ ಅಷ್ಟೂ ಕಾರುಗಳು ಒಟ್ಟಿಗೆ, ಎದೆಯ ಕೆಳಗೆ ಏನೋ ಗಟ್ಟಿಯಾಗಿ ಒತ್ತುತ್ತಿದೆ, ಚೆಂಡು, ಹಿಡಿದಿದ್ದೇನೆ, ನೋಡಲಿಲ್ಲ, ನಾನು ನೋಡಲಿಲ್ಲ ಡಾರ್ಬಿ, ಹಾಕು ಈಗ ವಿಡಿಯೊ, ಯಾರೋ ಕಿರುಚುತ್ತಿದ್ದಾರೆ, ಹಿಡ್ದ್ಬಿಟ್ಟ, ರಸ್ಟಿ ಮಗ ಹಿಡ್ದ್ಬಿಟ್ಟ, ಅಪ್ಪನ್ ಥರಾನೇ ಕಣ್ರೋ, ಬಾಯಲ್ಲಿ ಉಪ್ಪು, ಆಕಾಶ ನಿಧಾನವಾಗಿ ತಿರುಗಿ ನಿಲ್ಲುತ್ತದೆ, ಅದರಲ್ಲಿ ಲೊರೇನಳ ಮುಖ, ಏಳ್ಬೇಡ, ಹಾಗೇ ಇರು ಕೀರನ್, ನನ್ನೇ ನೋಡು, ಇದು ಯಾವ ಕ್ವಾರ್ಟರ್ ಹೇಳು, ಎಷ್ಟು ಸುಲಭದ ಪ್ರಶ್ನೆ, ಅವಳ ಹಿಂದೆ ಸಿಲ್, ಈ ಸಲ ದಾರ ಕಟ್ಟುತ್ತಿಲ್ಲ, ತುಟಿ ಬಿಗಿ ಹಿಡಿದು ನಿಂತಿದ್ದಾನೆ, ಹೇಳಿಕೊಡಬೇಡ ಸಿಲ್, ನನಗೆ ಗೊತ್ತು, ನಾನೇ ಹೇಳುತ್ತೇನೆ, ಅವಳ ಕಾಲುಗಳ ನಡುವಿನಿಂದ ಬೇಲಿ ಕಾಣುತ್ತದೆ, ಸೈಲೊ ನೆರಳು, ಮೇಜು, ಬಕೆಟ್, ಅಪ್ಪ ಕಿತ್ತಳೆ ಹೆಚ್ಚುತ್ತಿದ್ದಾನೆ, ಅಮ್ಮ ಪಕ್ಕದಲ್ಲಿ ನಿಂತು ಅವನ ತೋಳು ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದಾಳೆ, ಅಪ್ಪ ಇನ್ನೂ ಹೆಚ್ಚುತ್ತಿದ್ದಾನೆ ಅಂದರೆ ಬ್ರೇಕ್ ಇನ್ನೂ ಬಂದಿಲ್ಲ, ಮೂರನೇದು ಲೊರೇನ್, ಮೂರನೇ ಕ್ವಾರ್ಟರ್, ಸರಿ ತಾನೇ — ಭೇಷ್ ಅನ್ನು — ಸಿಲ್ ಯಾಕೆ ಮುಖ ಮುಚ್ಚಿಕೊಂಡ, ಅಲ್ಲಿ ನೋಡಿ, ನಿಮಗೇ ಕಾಣುತ್ತಿದೆಯಲ್ಲ, ಈಗ ಬಕೆಟ್ ತರುತ್ತಾನೆ, ಸಿಪ್ಪೆ ನೆಲಕ್ಕೆ ಹಾಕಬೇಡ ಅನ್ನುತ್ತಾನೆ, ನಾನಿನ್ನೂ ತಿಂದೇ ಇಲ್ಲ — ಮತ್ತೆ ಬೆರಳಿನಲ್ಲಿ ಈ ವಾಸನೆ ಎಲ್ಲಿಂದ — ಅಪ್ಪ ಕಿತ್ತಳೆ ಹೆಚ್ಚುತ್ತಿದ್ದಾನೆ, ಒಂದು ಎರಡಾಗಿ, ಎರಡು ನಾಲ್ಕಾಗಿ, ಅಪ್ಪ ಕಿತ್ತಳೆ ಹೆಚ್ಚುತ್ತಿದ್ದಾನೆ